ಹಬ್ಬದ ಓದು

"ಪ್ಯಾಕೆಟ್ ಅರಿಶಿನ ಇಲ್ವೇನೇ? ಅದ್ಯಾಕೆ ತೇಯ್ತಾ ಕೂತಿದ್ದೀಯ?" ಎಂದು ದೊಡ್ಡಗಂಗಮ್ಮ ಎರಡನೇ ಸಲ ಕೇಳಿದಾಗಲೂ ವಾಣಿಶ್ರೀ ಕೈ ನಿಲ್ಲಿಸಲಿಲ್ಲ. ಕಲ್ಲಿನ ಮೇಲೆ ನೀರು ಚಿಮುಕಿಸಿಕೊಂಡು ಕೊಂಬನ್ನು ತೇಯುತ್ತಲೇ ಇದ್ದಳು. ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು ನೀರು ಕಾಯಿಸಿ, ಅವಳ ತಾಯಿ ಗಂಗಾಲಕ್ಷ್ಮಿಗೆ ಕೊನೆಯ ಸ್ನಾನ ಮಾಡಿಸಲು ಹೆಂಗಸರು ಕಾದಿದ್ದರು. ಗಂಡನಿಗಿಂತ ಮುಂಚೆ ಹೋದ ಮುತ್ತೈದೆಯನ್ನು ಅರಿಶಿನ ಹಚ್ಚದೆ ಕಳಿಸುವಂತಿಲ್ಲ. ಈ ಕೊಂಬು ಅಮ್ಮನೂ ತಾನೂ ಬೆಳೆದದ್ದು, ಸಂಕ್ರಾಂತಿಗೆ ಅಗೆದು ಬೇಯಿಸಿ ಒಣಗಿಸಿದ್ದು ಎಂದು ಹೇಳಬೇಕೆನಿಸಿತು. ಹೇಳಿದರೆ ದೊಡ್ಡಮ್ಮ ನಗುತ್ತಾಳೆ. ಇವತ್ತು ಮುಖ ಆ ಕಡೆ ತಿರುಗಿಸಿಕೊಂಡು ನಗುತ್ತಾಳೆ, ಅಷ್ಟೇ.

ದೊಡ್ಡಗಂಗಮ್ಮ ಸತ್ತವಳ ಅಕ್ಕ. ಬೆಳಕು ಹರಿಯುವ ಮೊದಲೇ ಶ್ರೀನಿವಾಸಪುರದಿಂದ ತಮ್ಮ ಮುನಿಯಲ್ಲಪ್ಪನ ಗಾಡಿಯಲ್ಲಿ ಬೈರಕೂರಿಗೆ ಬಂದಿದ್ದಳು. ತಂಗಿಯ ಕಾಲು ಹಿಡಿದು ಅತ್ತದ್ದು ನಿಜವಾದ ಅಳುವೇ. ಅತ್ತು ಮುಗಿದ ಮೇಲೆ ಅವಳ ಕಣ್ಣು ಮಾತ್ರ ವಾಣಿಶ್ರೀಯ ಮೇಲಿಂದ ಕದಲಲಿಲ್ಲ.

ಸಾವಿನ ಮನೆಯಲ್ಲಿ ಅಡುಗೆ ಒಲೆ ಹಚ್ಚಬಾರದು. ಬಾಯಿಗೆ ಅಂಥ ಕಟ್ಟುಪಾಡೇನೂ ಇಲ್ಲ. ಹುಡುಗಿಗೆ ಹತ್ತೊಂಬತ್ತಾಯಿತು, ನಾಲ್ಕನೇ ಕ್ಲಾಸೂ ದಾಟಿಲ್ಲ, ಹತ್ತನೇದಾದರೂ ಇದ್ದಿದ್ದರೆ ನರಸಾಪುರದ ಕಡೆ ಯಾವುದಾದರೂ ಫ್ಯಾಕ್ಟರಿಗೆ ಸೇರಿಸಬಹುದಿತ್ತು ಎಂದು ಹೆಂಗಸರು ಮಾತಾಡಿಕೊಂಡರು. ‘ಪಂಡುಗ ಚದುವು’ ಎಂದು ಒಬ್ಬಳು ತೆಲುಗಿನಲ್ಲಿ ಪಿಸುಗುಟ್ಟಿದಳು. ಹಬ್ಬದ ಓದು. ಗಂಗಾಲಕ್ಷ್ಮಿ ಮಗಳಿಗೆ ಮನೆಯಲ್ಲೇ ಕಲಿಸುತ್ತಿದ್ದುದಕ್ಕೆ ಊರು ಇಟ್ಟ ಹೆಸರು ಅದು.

ಪಕ್ಕದ ಮನೆಯ ಮೆಹರ್ ಬಾನು ಮಾತ್ರ ಬಂದು ವಾಣಿಶ್ರೀಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಪರೀಕ್ಷೆ ಅರ್ಜಿ ಇನ್ನೂ ತಗೋತಾರಂತೆ ಬೇಟಿ. ಸೋಮವಾರ ಕೊನೇ ದಿನ. ನಾನೇ ಕರ್ಕೊಂಡ್ ಹೋಗ್ತೀನಿ," ಎಂದು ಮೆಲ್ಲಗೆ ಹೇಳಿದಳು. ವಾಣಿಶ್ರೀ ತಲೆಯಾಡಿಸಿದಳು. ಅಮ್ಮನ ಹೆಣ ಹಿತ್ತಲಲ್ಲಿರುವಾಗ ಸೋಮವಾರದ ಬಗ್ಗೆ ಯೋಚಿಸಿದೆನಲ್ಲ ಎಂದು ನಾಚಿಕೆಯೂ ಆಯಿತು.

*

ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವಳಿಗೆ ಮೂರ್ಛೆ ಬರತೊಡಗಿತ್ತು. ಬೆಂಚಿನಿಂದ ಬಿದ್ದು ಒದ್ದಾಡಿದವಳನ್ನು ಕಂಡು ಮಕ್ಕಳು ಹೆದರಿದರು. ವಾಸಿಯಾಗುವವರೆಗೆ ಮನೆಯಲ್ಲೇ ಇರಲಿ ಎಂದು ಮೇಷ್ಟರು ಹೇಳಿ ಕಳಿಸಿದರು. ಮಾತ್ರೆ ನುಂಗಿ ಎರಡು ವರ್ಷಕ್ಕೆ ವಾಸಿಯಾಯಿತು. ಅಷ್ಟರಲ್ಲಿ ಓರಗೆಯವರು ಮುಂದೆ ಹೋಗಿದ್ದರು. ಕಿರಿಯರ ಜೊತೆ ಕೂರಲು ಹುಡುಗಿ ಒಪ್ಪಲಿಲ್ಲ.

ಗಂಗಾಲಕ್ಷ್ಮಿ ಓದಿದ್ದು ಏಳನೆಯವರೆಗೆ. ಪಾಠದ ಪುಸ್ತಕ ಹಿಡಿದರೆ ಅವಳಿಗೇ ಆಕಳಿಕೆ ಬರುತ್ತಿತ್ತು. ಹಬ್ಬ ಬಂದರೆ ಮಾತ್ರ ಮೈಯೆಲ್ಲ ಕಣ್ಣು. ಸಂಕ್ರಾಂತಿಯ ಎಳ್ಳು ಬೆಲ್ಲ ಬೆರೆಸುವಾಗ ಪಾಲಿನ ಲೆಕ್ಕ, ತಂಬಿಟ್ಟಿನ ಆರತಿ ಮಾಡುವಾಗ ಅಳತೆ. ಗಣೇಶನಿಗೆ ಕೆರೆಯ ಜೇಡಿಮಣ್ಣನ್ನು ಇಬ್ಬರೂ ಹೊತ್ತು ತರುತ್ತಿದ್ದರು. ಹಿಂದಿನ ದಿನ ಪತ್ರೆ ಹುಡುಕಲು ಬೇಲಿ ಬೇಲಿ ಸುತ್ತುತ್ತಿದ್ದರು. ಎಕ್ಕ, ಉತ್ತರಣೆ, ಬನ್ನಿ, ಮಾಚಿಪತ್ರೆ. ವಾಣಿಶ್ರೀ ಕಣ್ಣು ಮುಚ್ಚಿ ಎಲೆಯನ್ನು ಸವರಿ ಹೆಸರು ಹೇಳಬೇಕು.

"ದತ್ತೂರಿ ದೇವರಿಗೆ ಮಾತ್ರ ಕಣೇ. ಮುಟ್ಟಿದ ಕೈ ಬಾಯಿಗೆ ಹೋದ್ರೆ ನೀನೂ ದೇವರ ಹತ್ರಾನೇ," ಎಂದು ಅಮ್ಮ ಕೈ ತೊಳೆಸುತ್ತಿದ್ದಳು.

ಬೇಸಿಗೆಯಲ್ಲಿ ಮಾವಿನ ಸಸಿಗೆ ಕಸಿ ಕಟ್ಟುವುದನ್ನು ಕಲಿಸಿದಳು. ಮೊದಲನೆಯದು ಒಣಗಿತು, ಎರಡನೆಯದೂ ಒಣಗಿತು, ಮೂರನೆಯದು ಚಿಗುರಿದಾಗ ತಾಯಿ ಮಗಳು ಅದರ ಮುಂದೆ ಕೂತು ಊಟ ಮಾಡಿದರು. ವಾಣಿಶ್ರೀಯ ತಂದೆ ವೆಂಕಟರಮಣಪ್ಪ ಇದಕ್ಕೆಲ್ಲ ಬೇಡವೆನ್ನಲಿಲ್ಲ, ಭೇಷ್ ಎನ್ನಲೂ ಇಲ್ಲ. ಆತ ಬಾಯಿ ಬಿಡುವುದೇ ಊಟಕ್ಕೆ ಎಂದು ಗಂಗಾಲಕ್ಷ್ಮಿ ಹಾಸ್ಯ ಮಾಡುತ್ತಿದ್ದಳು.

*

ಹೆಣ ಎತ್ತಿದಾಗ ಹೆಂಗಸರು ಬೀದಿಯ ತುದಿಯವರೆಗೆ ಹೋಗಿ ನಿಂತರು. ಗಂಡಸರು ತೋಟದ ಕಡೆ ತಿರುಗಿದರು. ಮುಂದಿನ ಹೆಗಲು ಕೊಟ್ಟವನು ಮುನಿಯಲ್ಲಪ್ಪ. ಮೂವತ್ತೊಂಬತ್ತರ ಗಂಡಸು, ಮಾವಿನ ಮಂಡಿಯಲ್ಲಿ ಅಂಗಡಿ ಇಟ್ಟವನು. ಹೆಂಡತಿ ಬಿಟ್ಟುಹೋಗಿ ಕೋರ್ಟಿನಲ್ಲಿ ಬಿಡುಗಡೆಯೂ ಆಗಿತ್ತು. ಕೆಟ್ಟವನಲ್ಲ. ವಾಣಿಶ್ರೀಯನ್ನು ಅವನಿಗೆ ಕೊಡು ಎಂದು ದೊಡ್ಡಗಂಗಮ್ಮ ಎರಡು ಸಲ ಕೇಳಿದ್ದಳು. ಸೋದರಮಾವನಿಗೆ ಕೊಡುವುದು ಈ ಕಡೆ ಹೊಸದೇನಲ್ಲ. ಎರಡು ಸಲವೂ ಗಂಗಾಲಕ್ಷ್ಮಿ, ಅವನನ್ನು ಎತ್ತಿ ಆಡಿಸಿದ ಸೊಂಟ ಇದು, ನನ್ನ ಮಗಳು ಪರೀಕ್ಷೆ ಬರೀತಾಳೆ ಎಂದು ಹೇಳಿ ಕಳಿಸಿದ್ದಳು.

ಈಗ ಹಾಗೆ ಹೇಳುವವರು ಯಾರೂ ಉಳಿದಿರಲಿಲ್ಲ.

*

ಎರಡು ವರ್ಷದ ಹಿಂದೆ ಅಧಿಕ ಮಾಸ ಬಂದಿತ್ತು. ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಗಿಡ್ಡ, ಅದಕ್ಕೇ ಆಗಾಗ ಒಂದು ತಿಂಗಳು ಸೇರಿಸುತ್ತಾರೆ ಎಂಬುದನ್ನು ಗಂಗಾಲಕ್ಷ್ಮಿ ದಾನಕ್ಕೆ ಕರಿದ ಕಜ್ಜಾಯಗಳನ್ನು ಎರಡು ಸಾಲಾಗಿ ಇಟ್ಟು ತೋರಿಸಿದ್ದಳು. ಗಿಡ್ಡ ಸಾಲಿಗೆ ಇನ್ನೊಂದು ಕಜ್ಜಾಯ ಇಟ್ಟು, "ಈಗ ಸರಿಹೋಯ್ತಾ?" ಎಂದು ಕೇಳಿದ್ದಳು.

ಆ ವರ್ಷವೇ ಮಗಳಿಗೆ ಹತ್ತನೆಯ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿಸುವುದೆಂದು ತೀರ್ಮಾನವಾಗಿತ್ತು. ದೀಪಾವಳಿ ಆದ ಎಂಟು ದಿನದವರೆಗೂ ಅರ್ಜಿ ತಗೊಂಡರು ಎಂದು ಅದರ ಹಿಂದಿನ ವರ್ಷ ಯಾರೋ ಹೇಳಿದ್ದನ್ನು ಅವಳು ಮನಸ್ಸಿನಲ್ಲಿಟ್ಟುಕೊಂಡಿದ್ದಳು. ದೀಪಾವಳಿಯ ಮಾರನೆಯ ದಿನವೇ ಮಗಳಿಗೆ ಹೊಸ ಬಟ್ಟೆ ಹಾಕಿಸಿ ಮುಳಬಾಗಿಲಿಗೆ ಕರೆದೊಯ್ದಳು. ಅರ್ಜಿ ಮುಗಿದು ಎರಡು ವಾರವಾಯಿತಲ್ಲಮ್ಮ ಎಂದು ಗುಮಾಸ್ತ ಗೋಡೆಯ ಕ್ಯಾಲೆಂಡರ್ ತೋರಿಸಿದ. ಮನೆಯಲ್ಲಿ ದೀಪ ಇನ್ನೂ ಆರಿಲ್ಲ ಸಾರ್ ಎಂದು ಇವಳು ವಾದಿಸಿದಳು. ಆತ ಪಾಪ ಒರಟಾಗಿಯೇನೂ ಮಾತಾಡಲಿಲ್ಲ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಅವಳಿಗೆ ಹೊಳೆಯಿತು.

"ಸರ್ಕಾರಕ್ಕೆ ಅಧಿಕ ಮಾಸ ಇಲ್ಲ ಕಣೇ ವಾಣಿ. ನಮ್ಮ ದೀಪಾವಳಿ ಮುಂದಕ್ಕೆ ಹೋಯ್ತು, ಅವರ ತಾರೀಕು ಅಲ್ಲೇ ನಿಂತಿತ್ತು." ಬಸ್ಸಿನ ಚಿಲ್ಲರೆ ಎಣಿಸುತ್ತಾ, "ಕಜ್ಜಾಯ ಇಟ್ಟು ನಿಂಗೆ ಹೇಳ್ಕೊಟ್ಟೋಳು ನಾನೇ," ಎಂದಳು.

ಮುಂದಿನ ವರ್ಷ ಬರೆದರಾಯಿತು ಎಂದು ಮಗಳು ಸಮಾಧಾನ ಹೇಳಿದಳು. ಮುಂದಿನ ವರ್ಷ ಗಂಗಾಲಕ್ಷ್ಮಿಯ ಕಿಡ್ನಿ ಕೈಕೊಟ್ಟಿತು. ವಾರ ವಾರ ಡಯಾಲಿಸಿಸ್‌ಗೆಂದು ಕೋಲಾರದ ಬಸ್ಸು ಹತ್ತುವುದರಲ್ಲೇ ಎಲ್ಲ ಹಬ್ಬಗಳೂ ಕಳೆದುಹೋದವು.

*

ಸಂಜೆ ಗಂಡಸರು ತೋಟದಿಂದ ಬಂದು ದೀಪ ನೋಡಿ, ಕಾಲು ತೊಳೆದು ಜಗಲಿಯ ಮೇಲೆ ಕೂತರು. ದೊಡ್ಡಗಂಗಮ್ಮ ಅದಕ್ಕೇ ಕಾದಿದ್ದಳು. ತಾಯಿ ಹೋದ ವರ್ಷದೊಳಗೆ ಮಗಳ ಧಾರೆ ಎರೆಯಬೇಕು, ಇಲ್ಲದಿದ್ದರೆ ಮೂರು ವರ್ಷ ಮದುವೆಯ ಮಾತೆತ್ತುವಂತಿಲ್ಲ, ಎರೆದರೆ ಹೋದವಳಿಗೂ ಪುಣ್ಯ ಎಂದಳು. ಹುಡುಗ ಯಾರೆಂದು ಹೇಳಲೂ ಇಲ್ಲ, ಯಾರೂ ಕೇಳಲೂ ಇಲ್ಲ. ಮುನಿಯಲ್ಲಪ್ಪ ತಲೆ ತಗ್ಗಿಸಿಕೊಂಡಿದ್ದ.

ಮೆಹರ್ ಬಾನು ಬಾಗಿಲ ಹತ್ತಿರ ನಿಂತೇ, ಮಾರ್ಚಿನಲ್ಲಿ ಪರೀಕ್ಷೆ ಇದೆ, ಅದೊಂದು ಮುಗಿದುಬಿಡಲಿ ಎಂದು ಕೇಳಿಕೊಂಡಳು. ಮದುವೆಯಾದ ಮೇಲೆ ಬರೆಯಲಿ, ಬೇಡ ಅಂದವರು ಯಾರು ಎಂದು ದೊಡ್ಡಗಂಗಮ್ಮ ನಯವಾಗಿಯೇ ಹೇಳಿದಳು. ಹಾಗೆಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮೆಹರ್ ಬಾನು ಸೆರಗು ತಲೆಗೆಳೆದುಕೊಂಡು ಮನೆಗೆ ಹೋದಳು.

ವಾಣಿಶ್ರೀ ಅಪ್ಪನನ್ನು ನೋಡಿದಳು. ಆತ ಉಗುರಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ತೆಗೆಯುತ್ತಿದ್ದ. ಬೇಡ ಎಂದು ಒಂದು ಮಾತು ಆತ ಹೇಳಿದ್ದರೆ ಸಾಕಾಗಿತ್ತು.

ತಿಂಗಳು ಯಾವುದೆಂದು ಚರ್ಚೆಯಾಯಿತು. ಮಾವು ಇಳಿಯುವ ಕಾಲಕ್ಕೆ ಮುನಿಯಲ್ಲಪ್ಪನಿಗೆ ಬಿಡುವಿಲ್ಲ. ಬರುವ ವರ್ಷ ಅಧಿಕ ಬರುತ್ತದೆ ಎಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು. ಆಗ ವೆಂಕಟರಮಣಪ್ಪ ತಲೆಯೆತ್ತಿದ.

"ನಮ್ ವಾಣೀನ ಕೇಳಿ. ಅವಳಿಗೆ ಪಂಚಾಂಗ ಬಾಯಲ್ಲೇ ಐತೆ."

ಎಲ್ಲರೂ ಅವಳ ಕಡೆ ತಿರುಗಿದರು. ಅಮ್ಮನನ್ನು ಬಿಟ್ಟರೆ ಅವಳ ಓದಿನ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಹೆಬ್ಬೆರಳು ತಾನಾಗಿ ಬೆರಳ ಗೆಣ್ಣುಗಳ ಮೇಲೆ ಓಡಿತು.

"ಪುಷ್ಯ ಬೇಡ. ಜ್ಯೇಷ್ಠ ಅಧಿಕ. ನಿಜ ಜ್ಯೇಷ್ಠ ಮಾವಿನ ಕಾಲ, ಅದಾದ್ರೆ ಆಷಾಢ. ಮಾಘ ಒಳ್ಳೇದು. ಮಾಘ ಶುದ್ಧ ದಶಮಿ ಬುಧವಾರ ಬರುತ್ತೆ."

ಮುನಿಯಲ್ಲಪ್ಪ ಮೊಬೈಲ್ ತೆಗೆದು ನೋಡಿದ. "ಸರಿಯಾಗಿದೆ, ಜನವರಿ ಇಪ್ಪತ್ತೆಂಟು," ಎಂದ, ಬೆರಗಿನಿಂದ.

ಒಂದು ಕ್ಷಣ ಅವಳಿಗೆ ಹಿಗ್ಗಾಯಿತು. ಅಮ್ಮನಿಗೆ ಕೇಳಿಸಿತೇ ಎಂಬಂತೆ ಒಳಗೆ ತಿರುಗಿ ನೋಡಿದಳು. ನೆಲದ ಮೇಲೆ ದೀಪವೊಂದೇ ಇತ್ತು. ಬುಧವಾರವೇ ಆಗಲಿ ಎಂದು ಜಗಲಿಯ ಮೇಲೆ ಎಲ್ಲರೂ ಒಪ್ಪುತ್ತಿದ್ದರು, ಯಾರೋ ಎಲೆ ಅಡಿಕೆ ಕೇಳಿದರು. ಅವಳ ಹೆಬ್ಬೆರಳು ಇನ್ನೂ ಉಂಗುರಬೆರಳಿನ ನಡುಗೆಣ್ಣಿನ ಮೇಲೇ ಇತ್ತು, ಒತ್ತಿ ಒತ್ತಿ ಅಲ್ಲಿನ ಚರ್ಮ ಬಿಳಿಚಿತ್ತು.