ಹನ್ನೆರಡು ಗಂಟೆಯ ರಿಪೋರ್ಟು

ಮನೆಗೆ ಯಾರೇ ಬರಲಿ, ಅತ್ತೆ ತಮ್ಮ ಇಬ್ಬರು ಸೊಸೆಯರನ್ನು ಪರಿಚಯಿಸುತ್ತಿದ್ದ ರೀತಿ ಒಂದೇ. "ಇವಳು ನಮ್ಮ ಕಿರಿಸೊಸೆ, ಡಾಕ್ಟರು. ದೊಡ್ಡಾಸ್ಪತ್ರೆಲಿ ಒಂದಿಡೀ ವಾರ್ಡು ಇವಳ ಕೈಲಿದೆ," ಎಂದು ಹೇಳಿ, ಒಂದು ಉಸಿರು ಎಳೆದುಕೊಂಡು, "ಹಿರಿಯವಳೂ ಅಲ್ಲೇ. ಅದೇನೋ ಬಾಟಲಿ, ತಟ್ಟೆ ತೊಳೆಯೋ ಕೆಲಸ," ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು. ಹಿರಿಸೊಸೆಯೂ ಅವರ ಜೊತೆ ನಕ್ಕು, ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. 

ಅವಳು ತೊಳೆಯುತ್ತಿದ್ದುದು ಬಾಟಲಿಯಲ್ಲ. ಹದಿನಾರು ವರ್ಷದಿಂದ ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ಗುರುತಿಸುವ ಕೆಲಸ ಮಾಡುತ್ತಿದ್ದಳು. ರೋಗಿಯ ಕೀವನ್ನೋ ರಕ್ತವನ್ನೋ ಪುಟ್ಟ ಗಾಜಿನ ತಟ್ಟೆಯ ಮೇಲೆ ಬಿತ್ತಿ, ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಟ್ಟು, ಏನು ಬೆಳೆಯಿತೆಂದು ನೋಡಬೇಕು. ಅದನ್ನು ಮತ್ತೊಂದು ತಟ್ಟೆಗೆ ಹರಡಿ, ಮೇಲೆ ಬಗೆಬಗೆಯ ಔಷಧದ ಬಿಲ್ಲೆಗಳನ್ನು ಇಡಬೇಕು. ರೋಗಾಣು ಯಾವ ಬಿಲ್ಲೆಗೆ ಹೆದರಿ ದೂರ ಸರಿದಿದೆಯೋ ಅದರ ಸುತ್ತ ಖಾಲಿ ವೃತ್ತ ಬಿದ್ದಿರುತ್ತದೆ. ಯಾವುದಕ್ಕೆ ಕ್ಯಾರೇ ಅನ್ನುವುದಿಲ್ಲವೋ ಅದರ ಅಂಚಿನವರೆಗೂ ಬೆಳೆದಿರುತ್ತದೆ. ಎಷ್ಟೋ ಜನ ಅವಳು ಓದಿದ ತಟ್ಟೆಯಿಂದ ಬದುಕಿ ಮನೆಗೆ ಹೋಗಿದ್ದರು. ಕೈಮುಗಿದದ್ದು ಮಾತ್ರ ವಾರ್ಡಿನ ಡಾಕ್ಟರಿಗೆ.

ಆ ಡಾಕ್ಟರು ತನ್ನ ಮೈದುನನ ಹೆಂಡತಿಯೇ ಆಗಿ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಕೆಟ್ಟವಳಲ್ಲ. ಬಾಯಿ ತುಂಬ "ಅಕ್ಕಾ" ಎನ್ನುತ್ತಿದ್ದಳು. ಹಿರಿಸೊಸೆಗೆ ಅದೂ ಸಹಿಸಲಾಗುತ್ತಿರಲಿಲ್ಲ. ಜಗಳಗಂಟಿಯಾಗಿದ್ದರೆ ದ್ವೇಷಿಸಲು ಒಂದು ಕಾರಣವಾದರೂ ಸಿಗುತ್ತಿತ್ತು.

ಒಂದು ಸೋಮವಾರ ಅತ್ತೆಯ ಅಂಗಾಲಿಗೆ ಹಿತ್ತಿಲಲ್ಲಿ ತಗಡಿನ ಚೂರು ಚುಚ್ಚಿತು. ಬುಧವಾರದ ಹೊತ್ತಿಗೆ ಕಾಲು ಊದಿ, ಕೆಂಪು ಮೊಣಕಾಲಿನತ್ತ ಏರಿ, ಮೈ ಸುಡುತ್ತಿತ್ತು. ಕಿರಿಸೊಸೆ ತನ್ನ ವಾರ್ಡಿನಲ್ಲೇ ಮಲಗಿಸಿಕೊಂಡು, ಗಾಯದ ಕೀವನ್ನು ಲ್ಯಾಬಿಗೆ ಕಳುಹಿಸಿ, ಇಂತಹ ಗಾಯಕ್ಕೆ ಸಾಮಾನ್ಯವಾಗಿ ಕೊಡುವ ಇಂಜೆಕ್ಷನ್ ಶುರು ಮಾಡಿದಳು.

"ಈ ಜ್ವರ ಮೊದಲು ಇಳಿಸಮ್ಮ," ಎಂದು ಅತ್ತೆ ನರಳಿದರು.

"ಜ್ವರ ನಿಮ್ಮ ಮೈ ಮಾಡ್ತಿರೋ ಯುದ್ಧ ಅತ್ತೆ. ಬಿಳಿರಕ್ತಕಣಗಳು ಅಲ್ಲಿ ಹೊಡೆದಾಡ್ತಿವೆ. ಆ ಕೀವು ಇದೆಯಲ್ಲ, ಅದರಲ್ಲಿ ಸತ್ತಿರೋ ನಿಮ್ಮ ಸೈನಿಕರೇ ಜಾಸ್ತಿ. ನನ್ನ ಔಷಧ ಹಿಂದಿನಿಂದ ಹೋಗೋ ಪಡೆ ಅಷ್ಟೇ."

ಅತ್ತೆ ಆ ನೋವಿನಲ್ಲೂ ಪಕ್ಕದ ಮಂಚದವಳ ಕಡೆ ತಿರುಗಿ, "ನೋಡಿದ್ಯಾ, ಎಷ್ಟು ಚೆನ್ನಾಗಿ ಹೇಳ್ತಾಳೆ," ಎಂದರು. ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದ ಹಿರಿಸೊಸೆ ಇದನ್ನೇ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಹೇಳಿದ್ದಳು. ಆಗ ಅತ್ತೆ, "ಸಾಕು ಸುಮ್ನಿರು," ಎಂದಿದ್ದರು.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಅವಳು ಪೆಟ್ಟಿಗೆಯಿಂದ ಅತ್ತೆಯ ತಟ್ಟೆಯನ್ನು ತೆಗೆದಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕಿರಿಸೊಸೆ ಕೊಡುತ್ತಿದ್ದ ಔಷಧದ ಬಿಲ್ಲೆಯ ಸುತ್ತ ಖಾಲಿ ಜಾಗವೇ ಇರಲಿಲ್ಲ. ರೋಗಾಣು ಅದರ ಅಂಚಿಗೆ ಬಂದು ಹಾಯಾಗಿ ಕೂತಿತ್ತು. ಎರಡು ದಿನದಿಂದ ಹೋಗುತ್ತಿದ್ದ ಇಂಜೆಕ್ಷನ್ ನೀರಿಗೆ ಸಮ.

ಅವಳಿಗೆ ಮೊದಲು ಬಂದದ್ದು ಭಯವಲ್ಲ, ಖುಷಿ. ಡಾಕ್ಟರಮ್ಮ ತಪ್ಪಿದಳು. ಎಲ್ಲಕ್ಕೂ ಉತ್ತರ ಗೊತ್ತಿದ್ದವಳು ತಪ್ಪಿದಳು.

ಫೋನು ಕೈಗೆಟುಕುವ ದೂರದಲ್ಲಿತ್ತು. ಇಂಥದ್ದು ಕಂಡರೆ ಅವಳು ಯಾವ ರೋಗಿಗಾದರೂ ಕೂಡಲೇ ವಾರ್ಡಿಗೆ ಫೋನು ಮಾಡುತ್ತಿದ್ದಳು. ನಿಯಮವೇನೂ ಹಾಗಿರಲಿಲ್ಲ. ಗಾಯದ ರಿಪೋರ್ಟುಗಳು ಹನ್ನೆರಡು ಗಂಟೆಗೆ ಒಟ್ಟಿಗೆ ಹೋದರೆ ಸಾಕಿತ್ತು. ಹನ್ನೆರಡಕ್ಕೇ ಹೋಗಲಿ, ಎಂದುಕೊಂಡಳು. ವಾರ್ಡಿಗೆ ಬರುವ ದೊಡ್ಡ ಡಾಕ್ಟರ ಎದುರು, ಎಲ್ಲರ ಎದುರು ಓದಿಕೊಳ್ಳಲಿ. ಇಲ್ಲ, ಬೇಕಾದರೆ ತಾನೇ ಬಂದು "ಅಕ್ಕಾ, ಏನಾಯ್ತು?" ಎಂದು ಕೇಳಲಿ. ಟೀ ತರಿಸಿಕೊಂಡು ಕುಡಿದಳು. ಬೇರೆಯವರ ತಟ್ಟೆಗಳನ್ನು ನೋಡಿದಳು. ಒಂಬತ್ತಕ್ಕೆ ಅತ್ತೆಗೆ ಅದೇ ಕೆಲಸಕ್ಕೆ ಬಾರದ ಇಂಜೆಕ್ಷನ್ ಮತ್ತೆ ಹೋಗುತ್ತದೆ ಎಂಬುದು ಗೊತ್ತಿತ್ತು. ಗೋಡೆಯ ಗಡಿಯಾರ ಒಂಬತ್ತು ದಾಟುವುದನ್ನು ನೋಡಿಯೂ ನೋಡದವಳಂತೆ ಇದ್ದಳು.

ಹತ್ತೂವರೆಗೆ ಗಂಡನ ಫೋನು ಬಂತು. "ಅಮ್ಮ ಏನೇನೋ ಬಡಬಡಿಸ್ತಿದ್ದಾರೆ ಕಣೇ. ನಡುಕ ನಿಲ್ತಿಲ್ಲ. ಬಿಪಿ ಇಳಿದಿದೆಯಂತೆ. ನಿನ್ನನ್ನೇ ಕೂಗ್ತಿದ್ದಾರೆ."

"ನನ್ನನ್ನಾ?"

"ಹೌದೇ, ನಿನ್ನನ್ನೇ. ಬಾ ಬೇಗ."

ಅವಳು ಫೋನಿಟ್ಟು ಎದ್ದಳು. ರಿಪೋರ್ಟನ್ನು ಕೈಯಲ್ಲೇ ಬರೆದುಕೊಂಡು ಮೂರು ಮಹಡಿ ಮೆಟ್ಟಿಲು ಹತ್ತಿ ಓಡಿದಳು. ವಾರ್ಡಿನ ಬಾಗಿಲಲ್ಲೇ ಕಿರಿಸೊಸೆ ಸಿಕ್ಕಳು. ಮುಖ ಬಿಳಿಚಿಕೊಂಡಿತ್ತು.

"ನೀನು ಕೊಡ್ತಿರೋದು ಇದಕ್ಕೆ ನಾಟೋದಿಲ್ಲ. ಈ ಎರಡು ಮಾತ್ರ ಕೆಲಸ ಮಾಡ್ತವೆ," ಎಂದು ಹಿರಿಸೊಸೆ ಏದುಸಿರಿನಲ್ಲಿ ಚೀಟಿ ಕೊಟ್ಟಳು.

ಕಿರಿಸೊಸೆ ಒಂದು ಕ್ಷಣವೂ ವಾದಿಸಲಿಲ್ಲ. ಔಷಧ ಬದಲಾಯಿಸಿ ಡ್ರಿಪ್ ಏರಿಸಿದಳು. ಸರ್ಜನ್ ಬಂದು ಅಂಗಾಲು ಕೊಯ್ದು ಒಳಗೆ ಕಟ್ಟಿದ್ದ ಕೀವು ತೆಗೆದರು. ಆ ದಿನವೂ ಮರುದಿನವೂ ಇಬ್ಬರು ಸೊಸೆಯರು ಮಂಚದ ಎರಡು ಬದಿಗೆ ಕೂತಿದ್ದರು. ಭಾನುವಾರ ಜ್ವರ ಇಳಿಯಿತು. ಕಾಲಿನ ಕೆಂಪು ತಾನು ಏರಿದ ದಾರಿಯಲ್ಲೇ ಹಿಂದಿರುಗತೊಡಗಿತು. ಅತ್ತೆ ಕಣ್ಣು ಬಿಟ್ಟು ಹಾಲು ಕೇಳಿದರು.

ಮನೆಯವರೆಲ್ಲ ಸುತ್ತ ನಿಂತಿದ್ದಾಗ ಕಿರಿಸೊಸೆ, "ಅತ್ತೆ, ನಿಮ್ಮನ್ನ ಉಳಿಸಿದ್ದು ನಾನಲ್ಲ, ಅಕ್ಕ. ನಾನು ಕತ್ತಲಲ್ಲಿ ಕಲ್ಲು ಹೊಡೀತಿದ್ದೆ, ದೀಪ ಹಿಡಿದು ತೋರಿಸಿದ್ದು ಅವರು," ಎಂದಳು. ಅತ್ತೆ ಬತ್ತಿದ ಕೈ ಚಾಚಿ ಹಿರಿಸೊಸೆಯ ಕೆನ್ನೆ ಸವರಿ, "ನಂಗೆ ತಿಳೀಲಿಲ್ಲ ಮಗಳೇ," ಎಂದರು. ಹದಿನಾರು ವರ್ಷದಿಂದ ಕಾದ ಮಾತು. ಅವಳು ತಲೆ ಬಗ್ಗಿಸಿ ಅತ್ತೆಯ ಹೊದಿಕೆ ಸರಿಮಾಡಿದಳು. ತಪ್ಪನ್ನು ಎಲ್ಲರ ಎದುರು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಕಿರಿಯವಳನ್ನು ಕಂಡು ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಿತು.

ಸಂಜೆ ವರಾಂಡದಲ್ಲಿ ಇಬ್ಬರೇ ಇದ್ದಾಗ ಹೇಳಿಬಿಟ್ಟಳು. "ಅವತ್ತು ಎಂಟೂವರೆಗೇ ನನಗೆ ಗೊತ್ತಾಗಿತ್ತು. ಬೇಕಂತಲೇ ನಿನಗೆ ಹೇಳಲಿಲ್ಲ. ಎರಡು ಗಂಟೆ ಸುಮ್ನೆ ಕೂತಿದ್ದೆ."

ಕಿರಿಸೊಸೆ ಅವಳತ್ತ ತಿರುಗಿದಳು. "ಯಾಕೆ?"

"ನಿನ್ನ ಮೇಲಿನ ಹೊಟ್ಟೆಕಿಚ್ಚು. ಇನ್ನೇನಿಲ್ಲ."

"ಅತ್ತೆ ಹೋಗಿಬಿಟ್ಟಿದ್ರೆ?"

ಹಿರಿಸೊಸೆ ವಾರ್ಡಿನ ಬಾಗಿಲತ್ತ ನೋಡಿದಳು. "ಅತ್ತೆಗೂ ಹೇಳಿಬಿಡ್ತೀನಿ," ಎಂದಳು.

"ಬೇಡ. ಹೇಳಿದ್ರೆ ನಿಮ್ಮ ಎದೆ ಹಗುರಾಗತ್ತೆ, ಅವರದ್ದು ಭಾರ ಆಗತ್ತೆ. ನೀವೇ ಇಟ್ಕೊಳ್ಳಿ." ಅಷ್ಟು ಹೇಳಿ ಅವಳು ಎದ್ದು ವಾರ್ಡಿನ ಒಳಗೆ ಹೋದಳು. ಅಂದು ಮೊದಲ ಬಾರಿ ಅವಳ ಬಾಯಲ್ಲಿ "ಅಕ್ಕಾ" ಬರಲಿಲ್ಲ.

ಮುಂದೆ ತಿಂಗಳುಗಟ್ಟಲೆ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಮಾತಿರಲಿಲ್ಲ. ತಟ್ಟೆಯಲ್ಲಿ ಕೆಟ್ಟದ್ದೇನಾದರೂ ಕಂಡ ಕೂಡಲೇ ಹಿರಿಸೊಸೆ ಫೋನು ಎತ್ತುತ್ತಿದ್ದಳು. ಆಚೆಯವಳು ಮೊದಲ ರಿಂಗಿಗೇ ತೆಗೆದು, ಹೆಸರು, ಮಂಚದ ನಂಬರು, ಔಷಧ ಬರೆದುಕೊಂಡು, "ಸರಿ" ಎಂದು ಇಡುತ್ತಿದ್ದಳು.