ಮೂಲೆಯಲ್ಲಿ ನಿಂತ ರೋಬೋ

ಗುಬ್ಬಿ ಟೀಚರ್ ಮನೆಯ ಗೇಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಬಿಟ್ಟಿದ್ದಳು. ಅಮ್ಮ ಒಂದು ಕೈ ಬಿಡಿಸಿದರೆ ಇನ್ನೊಂದು ಗಟ್ಟಿಯಾಗುತ್ತಿತ್ತು.

"ಟೀಚರ್ ಮುಖ ಒಂದ್ಸಲ ನೋಡ್ಕೊಂಡು ಬರೋಣ ಬಾರೇ. ನಿನ್ನ ಕಂಡ್ರೆ ಎಷ್ಟು ಪ್ರೀತಿ ಅವರಿಗೆ."

ಟೀಚರ್ ಹೋಗಿಬಿಟ್ಟರು ಎಂದಷ್ಟೇ ಬೆಳಗ್ಗೆ ಅಮ್ಮ ಹೇಳಿದ್ದಳು. ಹೇಗೆ ಹೋದರು ಎಂಬುದು ಗುಬ್ಬಿಯೊಬ್ಬಳಿಗೇ ಗೊತ್ತಿತ್ತು.

ಅಂಗಳದಲ್ಲಿ ಪಕ್ಕದ ಮನೆಯ ದರ್ಜಿ ಯಾರಿಗೋ ಹೇಳುತ್ತಿದ್ದ. "ಕಂಪ್ಯೂಟರ್ ಅಂದ್ರೆ ನಡುಗ್ತಿದ್ದೋನು ನಾನು. ನನ್ನನ್ನೂ ಮಕ್ಕಳ ಜೊತೆ ಆಡಿಸಿ ಆಡಿಸಿ, ಬಟ್ಟೆ ಅಳತೆಗೊಂದು ಪ್ರೋಗ್ರಾಂ ಬರೆಸೇಬಿಟ್ರು ಪುಣ್ಯಾತ್ಗಿತ್ತಿ."

*

ನಿನ್ನೆ ಸಂಜೆ ಟೀಚರ್ ರೋಬೋ ಆಗಿದ್ದರು. ಅವರ ಪಾಠವೇ ಹಾಗೆ, ಮೊದಲು ಆಟ, ಕಂಪ್ಯೂಟರ್ ಆಮೇಲೆ. ಅವರ ಮನೆಯ ನೆಲದ ತುಂಬ ಸೀಮೆಸುಣ್ಣದ ಚೌಕಗಳು. ರೋಬೋ ಹೇಳಿದಷ್ಟನ್ನೇ ಮಾಡುತ್ತದೆ; ಅದಕ್ಕೆ ಸ್ವಂತ ಬುದ್ಧಿಯಿಲ್ಲ, ಬಾಯಿಯೂ ಇಲ್ಲ. 'ತಿರುಗು' ಎನ್ನಲು ಮರೆತರೆ ಟೀಚರ್ ಸೀದಾ ಹೋಗಿ ಗೋಡೆಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

"ತಪ್ಪು ಯಾರದ್ರೋ? ರೋಬೋದಾ, ಹೇಳಿದೋರದಾ?" ಎಂದು ಆಮೇಲೆ ಕೇಳುತ್ತಿದ್ದರು.

"ಹೇಳಿದೋರದು!"

ಉಳಿದವರೆಲ್ಲ ಮನೆಗೆ ಹೋದ ಮೇಲೆ ಗುಬ್ಬಿ ಅವರನ್ನು ಮೂಲೆಯವರೆಗೆ ನಡೆಸಿ "ನಿಲ್ಲು" ಎಂದಳು. ಅಷ್ಟರಲ್ಲಿ ಅಮ್ಮನ ಸ್ಕೂಟರ್ ಹಾರ್ನ್ ಕೇಳಿಸಿತು. ಚಪ್ಪಲಿ ಮೆಟ್ಟಿ ಓಡಿದಳು. 'ಆಟ ಮುಗೀತು' ಎಂದು ಬಿಡಿಸುವ ಮಾತು ಹೇಳಲೇ ಇಲ್ಲ.

*

ಟೀಚರ ಗಂಡ ಗೇಟಿನ ಹತ್ತಿರ ಬಂದರು. ಬಸ್ಸು ಓಡಿಸಿ ನಿವೃತ್ತರಾದ ಮುದುಕರು.

"ತಾತಾ, ನಾನು ನಿಲ್ಲು ಅಂದೆ. ಬಿಡಿಸ್ಲೇ ಇಲ್ಲ. ರಾತ್ರಿಯೆಲ್ಲ ನಿಂತಿದ್ರಾ? ಅದಕ್ಕೇ ಸತ್ತೋದ್ರಾ?"

ಮಾತು ಅರ್ಥವಾದದ್ದೇ ಮುದುಕರು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತರು.

"ಇಲ್ಲ ಕಂದಾ. ನನ್ನ ಕರೆದ್ಲು..."

"ರೋಬೋ ಮಾತಾಡಲ್ಲ."

"ಹೌದು, ಕರೀಲಿಲ್ಲ. ಬಂದು ನೋಡಿದ್ರೆ ಮೂಲೇಲಿ ನಿಂತು ಕಣ್ಣು ಪಿಳಿಪಿಳಿ ಬಿಡ್ತಿದ್ಲು. ಅಡುಗೆಮನೆಗೆ ನಡಿ ಅಂತ ನಾನೇ ಅಂದೆ. ತಿರುಗು ಅನ್ನೋದು ಮರೆತೆ. ಮೇಜಿಗೆ ಡಿಕ್ಕಿ! ಇಷ್ಟು ವರ್ಷ ಬಸ್ಸು ಹೇಗ್ರೀ ಓಡಿಸಿದ್ರಿ ಅಂತ ಊಟ ಮುಗಿಯೋವರೆಗೂ ಬೈದ್ಲು. ಬೈಕೊಂಡೇ ಮಲಗಿದ್ಲು. ನಿದ್ದೇಲೇ ಹೋಗ್ಬಿಟ್ಲು."

ಗುಬ್ಬಿಯ ಕೈ ಸಡಿಲವಾಯಿತು. ಟೀಚರ್ ಬೈದಿದ್ದರೆಂದರೆ ಆಟ ಮುಗಿದಿತ್ತು ಎಂದೇ ಅರ್ಥ.

ಒಳಗಿನಿಂದ ದೇಹವನ್ನು ಹೊತ್ತು ತಂದರು. ವ್ಯಾನಿನ ಬಾಗಿಲು ತೆರೆಯಿತು.

"ನಡೀರಿ ಯಜಮಾನ್ರೇ," ಎಂದ ದರ್ಜಿ.

ಮುದುಕರು ಎದ್ದರು. ಆದರೆ ಕಾಲು ಕೀಳಲಾಗಲಿಲ್ಲ. ಒಂದು ಕೈಯಲ್ಲಿ ಗೇಟಿನ ಸರಳು ಹಿಡಿದುಕೊಂಡರು. ಇವರಿಗೂ ಭಯವಾಗಿದೆ ಎಂಬುದು ಗುಬ್ಬಿಗೆ ತಿಳಿಯಿತು.

"ನಡೀರಿ, ಹೊತ್ತಾಗುತ್ತೆ." ದರ್ಜಿ ತೋಳು ಹಿಡಿದು ಎಳೆದ. ಆಗಲಿಲ್ಲ.

"ಹಾಗಲ್ಲ ಹೇಳೋದು," ಎಂದು ಗುಬ್ಬಿ ಮುದುಕರ ಬೆರಳು ಹಿಡಿದಳು. "ತಾತಾ, ಬಲಗಾಲು ಎತ್ತು. ಮುಂದೆ ಇಡು."

ಮುದುಕರು ಬಲಗಾಲು ಎತ್ತಿ ಮುಂದಿಟ್ಟರು. ಇಟ್ಟು, ಅವಳತ್ತ ನೋಡುತ್ತ ನಿಂತರು.

"ಈಗ ಎಡಗಾಲು."