ಹಳದಿ ದಿನದ ಉಪವಾಸ

ರತ್ನಮ್ಮನವರಿಗೆ ಬೆಳಗಾಗುವುದೇ ಮೊಮ್ಮಗಳ ಉಸಿರಿನಿಂದ. ಅವರಿರುವುದು ವಿಜಯವಾಡದ ಭವಾನಿಪುರಂನಲ್ಲಿ, ಮಗ ನಂದೀಶನ ಮನೆಯಲ್ಲಿ. ಮಗಳು ತೃಪ್ತಿ, ಅವಳ ಎಂಟು ವರ್ಷದ ಮಗಳು ಅಮೂಲ್ಯ ಇರುವುದು ವಿಶಾಖಪಟ್ಟಣದಲ್ಲಿ. ಮಗುವಿಗೆ ಆಸ್ತಮಾ. ದಿನಾ ಬೆಳಿಗ್ಗೆ ಉಸಿರಿನ ಬಲ ಅಳೆಯುವ ಒಂದು ಕೊಳವೆಗೆ ಜೋರಾಗಿ ಊದಬೇಕು. ಅದರ ಮುಳ್ಳು ಹಸಿರಿನಲ್ಲಿ ನಿಂತರೆ ಕ್ಷೇಮ, ಹಳದಿಯಾದರೆ ಎಚ್ಚರ, ಕೆಂಪಾದರೆ ಆಸ್ಪತ್ರೆಗೆ ಓಟ. ಆ ಹೊತ್ತಿಗೆ ತೃಪ್ತಿ ಅಚ್ಯುತಾಪುರಂನ ಫ್ಯಾಕ್ಟರಿ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿರುತ್ತಾಳೆ. ಹಾಗಾಗಿ ವಿಡಿಯೋ ಕಾಲಿನಲ್ಲಿ ಊದಿಸಿ, ಬಣ್ಣ ಕೇಳಿ ಅವಳಿಗೆ ತಿಳಿಸುವ ಕೆಲಸ ಅಜ್ಜಿಯದು. ಆ ಸಣ್ಣ ಮುಳ್ಳು ಫೋನಿನಲ್ಲಿ ಅವರ ಕಣ್ಣಿಗೆಲ್ಲಿ ಕಾಣಬೇಕು? ಮಗು ಹೇಳಿದ್ದೇ ಬಣ್ಣ.

ಕೇಳಿ ಸುಮ್ಮನಿದ್ದರೆ ಆಗುತ್ತಿತ್ತು. ಅದೆಲ್ಲಿ! ಮಗು ಹಳದಿ ಅಂದ ದಿನ ಅಜ್ಜಿಗೆ ಕನಕದುರ್ಗಮ್ಮ ದೇವಿಯ ಹೆಸರಿನಲ್ಲಿ ಉಪವಾಸ, ಕಾಫಿಯೂ ಇಲ್ಲ. “ನೀನು ಹಳದಿ ಅಂದ್ಯಲ್ಲ, ನಿಮ್ಮಜ್ಜಿ ಇವತ್ತೂ ತಟ್ಟೆ ಮುಟ್ಟಿಲ್ಲ ಕಣೇ,” ಎಂದು ನಂದೀಶ ಒಂದು ದಿನ ಫೋನಿನಲ್ಲಿ ಅಮೂಲ್ಯಳಿಗೆ ಚಾಡಿ ಹೇಳಿ ನಕ್ಕ.

ಅಲ್ಲಿಂದಾಚೆ ಹಳದಿಯೇ ಬರಲಿಲ್ಲ. “ಹಸಿರು ಅಜ್ಜೀ!” ದಿನಾ ಅದೇ. ಅಮ್ಮನವರು ಕಣ್ಣು ಬಿಟ್ಟರು ಎಂದು ರತ್ನಮ್ಮ ಹಿಗ್ಗಿ ಹೀರೇಕಾಯಿಯಾದರು. ಮಾತಿನ ನಡುವೆ ಮಗು ಕೆಮ್ಮಿದ್ದೂ ಕಿವಿಗೆ ಬೀಳಲಿಲ್ಲ.

ಆಮೇಲೊಂದು ಮಧ್ಯಾಹ್ನ ತೃಪ್ತಿಯ ಫೋನು. ಶಾಲೆಯಲ್ಲಿ ಮಗುವಿಗೆ ಉಸಿರೇ ಸಿಕ್ಕದೆ ಆಸ್ಪತ್ರೆಗೆ ಸೇರಿಸಿದ್ದರು. ರತ್ನಮ್ಮ ಸಿಕ್ಕ ರೈಲು ಹತ್ತಿ ರಾತ್ರಿ ಆಸ್ಪತ್ರೆಗೆ ಬಂದರು. ಅಷ್ಟರಲ್ಲಿ ಮೂಗಿನ ಮಾಸ್ಕ್ ತೆಗೆದಿದ್ದರು, ಮಗು ಸುಧಾರಿಸಿಕೊಂಡಿತ್ತು.

“ಬೆಳಿಗ್ಗೆ ಹಸಿರು ಅಂದ್ಯಲ್ಲ ಪುಟ್ಟಾ?”

“ಕಾದು,” ಅಲ್ಲವೆಂದು ತೆಲುಗಿನಲ್ಲೇ ತಲೆಯಾಡಿಸಿತು ಮಗು. “ಹಸಿರಲ್ಲ, ಹಳದಿ. ಮೊನ್ನೆನೂ.”

“ಮತ್ತೆ ಸುಳ್ಳು ಯಾಕೆ ಹೇಳ್ದೆ ನನ್ನಮ್ಮಾ?”

“ಹಳದಿ ಅಂದ್ರೆ ನೀನು ಊಟ ಬಿಡ್ತೀಯಲ್ಲ. ನಿಂಗೆ ಹಸಿವಾಗಲ್ವಾ?”

ರತ್ನಮ್ಮ ಹಣೆ ಚಚ್ಚಿಕೊಂಡರು. ನನ್ನ ಭಕ್ತಿಗಿಷ್ಟು ಬೆಂಕಿ ಬೀಳ! ಇವರು ಮಗುವನ್ನು ಕಾಯಲೆಂದು ಹಸಿದಿದ್ದರೆ, ಮಗು ತನ್ನ ಉಸಿರು ಕೊಟ್ಟು ಇವರ ಹೊಟ್ಟೆ ಕಾದಿತ್ತು. ಅದರ ಪುಟ್ಟ ಕೈಯನ್ನು ಕೆನ್ನೆಗೊತ್ತಿಕೊಂಡು ಅತ್ತರು.

ಮಗು ಮನೆಗೆ ಬಂದ ಮೇಲೂ ಅವರು ವಿಶಾಖಪಟ್ಟಣದಲ್ಲೇ ಉಳಿದರು. ಒಂದು ಬೆಳಿಗ್ಗೆ ಅಮೂಲ್ಯ ಊದಿದಳು. ಮುಳ್ಳು ನೋಡಿದಳು, ಆಮೇಲೆ ಅಜ್ಜಿಯ ಮುಖ ನೋಡಿದಳು.

“ಹಳದಿ.”

“ಭೇಷ್ ನನ್ನ ಬಂಗಾರ! ತೃಪ್ತೀ, ಹಳದಿಯಂತೆ, ಬಾರೇ ಬೇಗ!” ತೃಪ್ತಿ ಓಡಿ ಬಂದು ಡಾಕ್ಟರು ಹೇಳಿದಂತೆ ಇನ್‌ಹೇಲರ್ ಕೊಟ್ಟಳು.

ಅಂದು ಶುಕ್ರವಾರ. ಮದುವೆಯಾದಾಗಿನಿಂದ ರತ್ನಮ್ಮ ಶುಕ್ರವಾರ ಸಂಜೆ ದೀಪ ಹಚ್ಚುವ ತನಕ ಬಾಯಿಗೆ ಒಂದಗುಳು ಹಾಕಿದವರಲ್ಲ. ಎದ್ದು ಹೋಗಿ ತಟ್ಟೆಗೆ ಇಡ್ಲಿ ಹಾಕಿಕೊಂಡು ಬಂದು ಮಗುವಿನ ಎದುರೇ ಚಕ್ಕಳಮಕ್ಕಳ ಹಾಕಿ ಕೂತರು. ಒಂದು ತುಂಡು ಮುರಿದು ಬಾಯಿಗಿಟ್ಟರು.

ಅಮೂಲ್ಯ ಅವರ ಗಂಟಲನ್ನೇ ನೋಡುತ್ತಿದ್ದಳು. ತುತ್ತು ಇಳಿದದ್ದು ಖಾತ್ರಿಯಾಗುವ ತನಕ ನೋಡಿದಳು.

“ಇನ್ನೊಂದು,” ಅಂದಳು.

ಕಣ್ಣೀರು ಒರೆಸಿಕೊಳ್ಳುತ್ತಾ ರತ್ನಮ್ಮ ಇನ್ನೊಂದು ತಿಂದರು.